ಜೀವಕೋಶ ಸಿದ್ಧಾಂತ

ಜೀವಿಗಳೆಲ್ಲ ಕೋಶಗಳಿಂದಾದವು, ಕೋಶವೇ ಜೀವದ ಮೂಲ ಘಟಕ, ಹೊಸ ಕೋಶ ಹುಟ್ಟುವುದು ಇದ್ದ ಕೋಶದಿಂದಲೇ ಎನ್ನುವ ಸಿದ್ಧಾಂತ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಜೇನುಗೂಡಿನಂಥ ಖಾಲಿ ಕೋಣೆಗಳು ಕಂಡವು. ಅವು ಸತ್ತ ಕೋಶಗಳ ಭಿತ್ತಿಗಳಷ್ಟೇ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಕೋಶಗಳೊಳಗಿನ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟರು.

ಜರ್ಮನಿಯ ಶ್ಲೈಡನ್ 1838ರಲ್ಲಿ ಸಸ್ಯಗಳಿಗೆ, ಶ್ವಾನ್ 1839ರಲ್ಲಿ ಪ್ರಾಣಿಗಳಿಗೂ ಕೋಶವೇ ಆಧಾರವೆಂದು ಸಾರಿದರು. ಆದರೆ ಹೊಸ ಕೋಶಗಳು ದ್ರವದಲ್ಲಿ ಹರಳುಗಟ್ಟಿದಂತೆ ಮೂಡುತ್ತವೆಂಬ ಅವರ ನಂಬಿಕೆ ನಿಲ್ಲಲಿಲ್ಲ. ಕೋಶವಿಭಜನೆಯನ್ನು ಕಣ್ಣಾರೆ ಕಂಡ ವಿಜ್ಞಾನಿ ರೆಮಾಕ್ ಆ ನಂಬಿಕೆಯನ್ನು ಅಲ್ಲಗಳೆದರು. 1855ರಲ್ಲಿ ವಿಜ್ಞಾನಿ ವಿರ್ಖೋ ಹೊಸ ಕೋಶ ಹುಟ್ಟುವುದು ಇದ್ದ ಕೋಶದಿಂದಲೇ ಎಂಬುದನ್ನು ಸೂತ್ರವಾಗಿಸಿದರು.

ಈರುಳ್ಳಿಯ ಒಳಪೊರೆಗೆ ಅಯೋಡಿನ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಭಿತ್ತಿ, ಕೋಶದ್ರವ್ಯ, ಕಂದುಬಣ್ಣದ ಕೋಶಕೇಂದ್ರ ಮೂರೂ ಕಾಣುತ್ತವೆ. ಪ್ರಾಣಿಕೋಶಕ್ಕೆ ಭಿತ್ತಿಯಿಲ್ಲ, ಪೊರೆ ಮಾತ್ರ. ಬ್ಯಾಕ್ಟೀರಿಯಾಗಳಲ್ಲಿ ಕೋಶಕೇಂದ್ರವೇ ಇರುವುದಿಲ್ಲ.