ಸಂಪತ್ತು ತೆರಿಗೆ (ಭಾರತ)

ಸಂಪತ್ತು ತೆರಿಗೆ ಎಂಬುದು ವರ್ಷದ ಗಳಿಕೆಯ ಮೇಲಲ್ಲ, ಸಾಲಗಳನ್ನು ಕಳೆದು ಉಳಿಯುವ ನಿವ್ವಳ ಆಸ್ತಿಯ ಮೌಲ್ಯದ ಮೇಲೆ ಪ್ರತಿವರ್ಷ ವಿಧಿಸುವ ನೇರ ತೆರಿಗೆ. ಭಾರತದಲ್ಲಿ ಇದಕ್ಕೆ ಮುಂಚೆಯೇ, 1953ರಲ್ಲಿ, ಸತ್ತವರ ಆಸ್ತಿ ವಾರಸುದಾರರಿಗೆ ಹೋಗುವಾಗ ಸಲ್ಲಿಸಬೇಕಾದ ಎಸ್ಟೇಟ್ ಸುಂಕ ಜಾರಿಗೆ ಬಂದಿತ್ತು. ಆಸ್ತಿಯನ್ನು ಲೆಕ್ಕಕ್ಕೆ ತರದ ಆದಾಯ ತೆರಿಗೆಯನ್ನು ಉಳ್ಳವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆಂದು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1956ರ ವರದಿಯಲ್ಲಿ ವಾದಿಸಿದ ಮೇಲೆ, ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿ 1957ರಲ್ಲಿ ಸಂಪತ್ತು ತೆರಿಗೆಯನ್ನೂ ವೆಚ್ಚ ತೆರಿಗೆಯನ್ನೂ ತಂದರು; ಮರುವರ್ಷ ದಾನ ತೆರಿಗೆ ಸೇರಿತು. ಇವು ಒಂದರ ಕಣ್ಣು ತಪ್ಪಿಸಿದ್ದನ್ನು ಇನ್ನೊಂದು ಹಿಡಿಯುವಂತೆ ಹೆಣೆದ ಬಲೆ. ಆದರೆ ವಿನಾಯಿತಿಗಳೆಂಬ ತೂತುಗಳು ಅದರಲ್ಲಿ ಮೊದಲಿನಿಂದಲೇ ಇದ್ದವು.

ಅವುಗಳಲ್ಲಿ ದೊಡ್ಡದು ಕೃಷಿಭೂಮಿಯದು. ಸಂವಿಧಾನವು ಕೃಷಿ ಆದಾಯದ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿತ್ತು, ರಾಜ್ಯಗಳ ಶಾಸನಸಭೆಗಳಲ್ಲೋ ಭೂಮಾಲೀಕ ವರ್ಗದ ಮಾತಿಗೆ ತೂಕವಿತ್ತು. ಕರ್ನಾಟಕದಲ್ಲೂ 1957ರ ಕೃಷಿ ಆದಾಯ ತೆರಿಗೆ ಕಾಯಿದೆಯ ಭಾರ ಕಾಲಕ್ರಮದಲ್ಲಿ ಕಾಫಿಯಂಥ ತೋಟದ ಬೆಳೆಗಳ ಮೇಲಷ್ಟೇ ಉಳಿಯಿತು. ಇಂದಿರಾ ಗಾಂಧಿಯವರ ಸರ್ಕಾರ 1969ರಲ್ಲಿ ಕೃಷಿಭೂಮಿಯನ್ನು ಸಂಪತ್ತು ತೆರಿಗೆಯ ವ್ಯಾಪ್ತಿಗೆ ಸೇರಿಸಿ, ಅದನ್ನು ಸುಪ್ರೀಂ ಕೋರ್ಟ್ 1971ರ ಧಿಲ್ಲಾನ್ ಪ್ರಕರಣದಲ್ಲಿ ಎತ್ತಿಹಿಡಿದರೂ, 1980ರ ಹೊತ್ತಿಗೆ ಅದರ ಬಹುಭಾಗವನ್ನು ಮತ್ತೆ ಕೈಬಿಡಲಾಯಿತು. ಭೂಹಿಡುವಳಿಗಳ ಮೇಲೆ ಏರುದರದ ತೆರಿಗೆ ಹಾಕಬೇಕೆಂದು ಕೆ.ಎನ್. ರಾಜ್ ಸಮಿತಿ 1972ರಲ್ಲಿ ಮಾಡಿದ ಶಿಫಾರಸು ಕಡತದಲ್ಲೇ ಉಳಿಯಿತು.

ಇದೇ ಅವಧಿಯಲ್ಲಿ ಆದಾಯ ತೆರಿಗೆಯ ಗರಿಷ್ಠ ದರ, ಮೇಲ್ತೆರಿಗೆ ಸೇರಿ, ಶೇ. 97.75ಕ್ಕೆ ಏರಿತ್ತು. ಸಮಾಜವಾದದ ಘೋಷಣೆಗೆ ಒಪ್ಪುವ ಈ ದರಗಳು ವಸೂಲಿಗಿಂತ ಹೆಚ್ಚಾಗಿ ಕಪ್ಪುಹಣವನ್ನು ಬೆಳೆಸಿದವು. ಬೊಕ್ಕಸ ತುಂಬಿದ್ದು ಸಕ್ಕರೆ, ಬಟ್ಟೆ, ಸೀಮೆಎಣ್ಣೆಗಳಂಥ ದಿನಬಳಕೆಯ ಸರಕುಗಳ ಮೇಲಿನ ಅಬಕಾರಿ ಸುಂಕದಿಂದ, ಅಂದರೆ ಬಡವರೂ ಸೇರಿ ಎಲ್ಲರ ಜೇಬಿನಿಂದ.

ವಸೂಲಿ ಕಡಿಮೆ, ಖರ್ಚು ಹೆಚ್ಚು ಎಂಬ ಕಾರಣಕ್ಕೆ 1985ರಲ್ಲಿ ಅರ್ಥಸಚಿವ ವಿ.ಪಿ. ಸಿಂಗ್ ಎಸ್ಟೇಟ್ ಸುಂಕವನ್ನು ತೆಗೆದರು. ಉದಾರೀಕರಣದ ನಂತರ ಸಂಪತ್ತು ತೆರಿಗೆ ಷೇರುಗಳನ್ನು ಬಿಟ್ಟು ಮನೆ, ಒಡವೆ, ಕಾರು, ನಗರದ ನಿವೇಶನಗಳಿಗೆ ಸೀಮಿತವಾಯಿತು. ಅದರಿಂದ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಷ್ಟೇ ಬರುತ್ತಿದ್ದಾಗ, 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಅದನ್ನು ರದ್ದುಪಡಿಸಿ, ಕೋಟಿ ರೂಪಾಯಿ ಮೀರಿದ ಆದಾಯದ ಮೇಲೆ ಶೇ. 2ರ ಹೆಚ್ಚುವರಿ ಮೇಲ್ತೆರಿಗೆ ಹಾಕಿದರು. ಮೇಲ್ತೆರಿಗೆ ಆದಾಯವನ್ನು ಮುಟ್ಟುತ್ತದೆಯೇ ಹೊರತು ಪಿತ್ರಾರ್ಜಿತ ಆಸ್ತಿಯನ್ನಲ್ಲ. ಸಾಲದ್ದಕ್ಕೆ, ಸಂಪತ್ತು ತೆರಿಗೆಗಿಂತ ಭಿನ್ನವಾಗಿ, ಅದನ್ನು ಕೇಂದ್ರವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ.