ಮಾಯಾಲಾಂದ್ರದ ಹಬ್ಬ

1856ನೆಯ ಇಸವಿಯ ಕಡೆಯ ದಿನದಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಟೀಸ್ ನದಿಯ ದಡದ ಮೇಲಿರುವ ಕ್ರಾಫ್ಟ್ ಎಂಬ ಚಿಕ್ಕ ಊರಿನ ಶಾಲೆಯಲ್ಲಿ, ಸುಮಾರು 80 ಮಂದಿ ಮಕ್ಕಳೂ, ಅವರ ಬೆನ್ನಿಗೆ ಊರಿನ ಪರಿಚಿತರೂ, ಮನೆಗಳ ಆಳುಕಾಳುಗಳೂ ಒಂದೇ ಕೋಣೆಯ ಕತ್ತಲೆಯಲ್ಲಿ ಒತ್ತೊತ್ತಾಗಿ ಕುಳಿತು ಎದುರಿನ ಬೆಳಕಿನ ವೃತ್ತವನ್ನೇ ನೋಡುತ್ತಿದ್ದರು. ಲಾಂದ್ರದ ಹಿಂದೆ ನಿಂತವನು ಆ ಊರಿನ ಪಾದ್ರಿಯ ಮಗ, 24 ವರ್ಷದ ತರುಣ, ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದವನು. ಆತನು ಅಂದು ತೋರಿಸಿದ ಗಾಜಿನ ಚಿತ್ರಗಳು 47. ಅವುಗಳನ್ನು ಎರಡು ಭಾಗಗಳಾಗಿ ಹಂಚಿ, ನಡುನಡುವೆ 13 ಹಾಡುಗಳನ್ನು ಜೋಡಿಸಿದ್ದನು. ಅವುಗಳಲ್ಲಿ 6 ತನ್ನ ಪಾಲಿಗೆ, 7 ಮಕ್ಕಳ ಪಾಲಿಗೆ. ಚಾರ್ಲ್ಸ್ ಡಾಡ್ಜ್‌ಸನ್ ಎಂಬ ಈ ತರುಣನು ಒಂಬತ್ತು ವರ್ಷಗಳ ತರುವಾಯ ಲ್ಯೂಯಿಸ್ ಕೆರೊಲ್ ಎಂಬ ಹೆಸರಿನಿಂದ ಆಲಿಸಳ ಕಥೆಯನ್ನು ಪ್ರಕಟಿಸಿ ಲೋಕವಿಖ್ಯಾತನಾದನಷ್ಟೆ. ಆದರೆ ಆ ಸಂಜೆಯ ಲೆಕ್ಕವನ್ನು ಆತನು ದಿನಚರಿಯಲ್ಲಿ ಬರೆದಿಟ್ಟಿರುವ ಬಗೆಯನ್ನು ನೋಡಿದರೆ, ಹಾಡಿನಲ್ಲಿ ತನಗಿಂತ ಮಕ್ಕಳಿಗೆ ಒಂದು ಪಾಲು ಹೆಚ್ಚಾಗಿರಬೇಕೆಂಬ ಎಚ್ಚರವು ಆಗಲೇ ಅವನಲ್ಲಿದ್ದಿತೆಂದು ನನಗೆ ತೋರುತ್ತದೆ.

ಚಿತ್ರ ಬರೆದು, ಅದಕ್ಕೆ ಚಲನೆಯನ್ನು ಕೊಟ್ಟು, ಉಪಕಾರದ ಕಾರ್ಯದಲ್ಲಿ ತೊಡಗಿದವರೂ ಉಪಕಾರವನ್ನು ಪಡೆಯುವವರೂ ಕೂಡುವ ಉತ್ಸವದಲ್ಲಿ ಅದನ್ನು ತೋರಿಸುವ ಪದ್ಧತಿಯು ಈಚಿನದೆಂದು ಅನೇಕರು ಭಾವಿಸಿದ್ದಾರೆ. ಆದರೆ ಚಲನಚಿತ್ರವು ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಸಹಸ್ರಾರು ಶಾಲೆಗಳಲ್ಲಿ, ದೇವಾಲಯದ ಪಡಸಾಲೆಗಳಲ್ಲಿ, ಅನಾಥಾಲಯಗಳ ಊಟದ ಮನೆಗಳಲ್ಲಿ ಈ ಕೆಲಸವನ್ನು ನಡೆಸಿದುದು ಮ್ಯಾಜಿಕ್ ಲ್ಯಾಂಟರ್ನ್ ಎಂಬ ಸಾಧನ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಾಯಾಲಾಂದ್ರ.

ಇದರ ಜನನವು ಧರ್ಮಕಾರ್ಯಕ್ಕಾಗಿ ಆದುದಲ್ಲ. ಹಾಲೆಂಡಿನ ಭೌತವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸನು 1659ರಲ್ಲಿ ತನ್ನ ಹಸ್ತಪ್ರತಿಯ ಹಾಳೆಯೊಂದರಲ್ಲಿ, ತನ್ನ ತಲೆಯನ್ನು ತಾನೇ ಕಿತ್ತು ಮತ್ತೆ ಇಟ್ಟುಕೊಳ್ಳುವ ಅಸ್ಥಿಪಂಜರದ ಚಿತ್ರಗಳನ್ನು ಬರೆದನು. ಲಾಂದ್ರದ ಮೂಲಕ ತೋರಿಸಲೆಂದು ಬರೆದ ಚಿತ್ರಗಳಲ್ಲಿ ನಮಗೆ ಉಳಿದು ಬಂದಿರುವ ಮೊದಲಿನವು ಇವೇ. ಮೊದಲ ಚಿತ್ರವೇ ಚಲಿಸುವ ಚಿತ್ರವಾಗಿದ್ದಿತೆಂಬುದನ್ನು ನಾವು ಮರೆಯಬಾರದು. ಆದರೆ ಶನಿಗ್ರಹದ ಬಳೆಯನ್ನು ಗುರುತಿಸಿದ ಆ ಮಹಾಮೇಧಾವಿಗೆ ಈ ಆಟಿಕೆಯು ಲಜ್ಜೆಯ ವಿಷಯವಾಯಿತು. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ತೋರಿಸಲು ಒಂದು ಲಾಂದ್ರವನ್ನು ಕಳಿಸೆಂದು ತಂದೆಯು 1662ರಲ್ಲಿ ಕೇಳಿದಾಗ, ಒಲ್ಲೆನೆನ್ನಲಾರದೆ, ಅದರ ಮಸೂರಗಳಲ್ಲೊಂದನ್ನು ಗುಟ್ಟಾಗಿ ತೆಗೆದಿಟ್ಟು ಯಂತ್ರವು ಕೆಲಸ ಮಾಡದಂತೆ ನೋಡಿಕೊಳ್ಳೆಂದು ತಮ್ಮನಿಗೆ ಬರೆದನು. ಯಾವುದು ತನ್ನ ಘನತೆಗೆ ಕುಂದೆಂದು ಹೈಗೆನ್ಸನು ಭಾವಿಸಿದನೋ ಅದೇ ಮುಂದೆ ಬೀದಿಯ ಜನರ ಕೈಗೆ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಸವಾಯ್ ಪ್ರಾಂತದ ಬಡವರು ಅದನ್ನು ಬೆನ್ನಿಗೆ ಕಟ್ಟಿಕೊಂಡು ಯೂರೋಪಿನ ಊರೂರು ಅಲೆದು ಹೊಟ್ಟೆ ಹೊರೆದರು. ಚಿತ್ರವನ್ನು ತೋರಿಸಿ ಭಿಕ್ಷೆಯನ್ನೆತ್ತುವುದು ನಮ್ಮ ದೇಶಕ್ಕೆ ಹೊಸದಲ್ಲವೆಂಬುದು ‘ಮುದ್ರಾರಾಕ್ಷಸ’ವನ್ನು ಓದಿದವರಿಗೆ ನೆನಪಾದೀತು: ಚಾಣಕ್ಯನ ಗೂಢಚಾರನಾದ ನಿಪುಣಕನು ಯಮಪಟವನ್ನು ಹಿಡಿದು ಮನೆಮನೆಯ ಬಾಗಿಲಿಗೆ ಹೋಗುವುದು ಅಂಥ ಭಿಕ್ಷುಕನ ವೇಷದಲ್ಲಿಯೇ.

ಗಾಜಿನ ಮೇಲೆ ಚಿತ್ರ ಬರೆಯುವ ಕಸಬನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಗಾಜಿನ ಅಳತೆ ಮೂರೂಕಾಲು ಅಂಗುಲ ಚೌಕ. ಅಷ್ಟು ಕಿರಿದಾದ ತಾಣದಲ್ಲಿ ಬರೆದುದು ತೆರೆಯ ಮೇಲೆ ಹತ್ತೋ ಹದಿನೈದೋ ಅಡಿಗಳಾಗಿ ಹಿಗ್ಗುವುದರಿಂದ, ಕುಂಚದಿಂದ ಉದುರಿದ ಒಂದು ಕೂದಲು ತೆರೆಯ ಮೇಲೆ ಹಗ್ಗವಾಗುವುದು. ರಾಜಕುಮಾರಿಯ ತುಟಿಯ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಮುಖ ವಿಕಾರವಾಗುವುದು. ಬಣ್ಣಗಳಾದರೋ ಪಾರದರ್ಶಕವಾಗಿರಲೇಬೇಕು: ಪ್ರಷ್ಯನ್ ನೀಲಿ, ಅರಗಿನ ಕೆಂಪು, ರೇವಲ್ಚಿನ್ನಿಯ ಹಳದಿ ಮುಂತಾದ ಕೆಲವೇ ಬಣ್ಣಗಳು ಬೆಳಕನ್ನು ಒಳಗೊಂಡು ಹೊರಬಿಡಬಲ್ಲವು, ಮಿಕ್ಕವು ಕಾಗದದ ಮೇಲೆ ಎಷ್ಟೇ ಶೋಭಿಸಲಿ, ತೆರೆಯ ಮೇಲೆ ಮಸಿಯಾಗಿ ಬೀಳುವುವು. ಆಕಾಶವನ್ನು ಬರೆಯಲು ಕುಂಚವು ಸಾಲದು. ಕುಂಚದ ಗೆರೆಗಳು ಕಾಣಿಸಿಕೊಳ್ಳುವುವೆಂದು, ನೀಲಿಯನ್ನು ಗಾಜಿಗೆ ಸವರಿ, ಬೆರಳಿನ ತುದಿಯಿಂದ ಮೆಲ್ಲಮೆಲ್ಲನೆ ತಟ್ಟಿತಟ್ಟಿ ಅದನ್ನು ಹರಡುತ್ತಿದ್ದರು. ಹಾಗೆ ಬರೆದ ಗಾಜನ್ನು ಒಮ್ಮೆ ನಾನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆಮಾಡಿ ನೋಡಿದಾಗ, ಮೋಡದ ಅಂಚಿನಲ್ಲಿ ಯಾರದೋ ಬೆರಳ ಸುಳಿಯು ಸ್ಪಷ್ಟವಾಗಿ ಮೂಡಿದ್ದುದನ್ನು ಕಂಡು ಬಹಳ ಹೊತ್ತು ಅದನ್ನು ಕೆಳಗಿಡಲಾರದೆ ಹೋದೆನು. ಈ ಕಸಬಿನಲ್ಲಿ ದುಡಿದವರಲ್ಲಿ ಹೆಂಗಸರು ಅನೇಕರು. ಅವರ ಹೆಸರುಗಳು ಗಾಜಿನ ಮೇಲಿಲ್ಲ.

ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಎರಡೂ ಮಗ್ಗುಲಿಗೆ ಬಣ್ಣ ಹಾಕಿ ತೊಗಲುಗೊಂಬೆಗಳನ್ನು ಮಾಡುವ ನಮ್ಮ ಕಿಳ್ಳೇಕ್ಯಾತರಿಗೆ ಪಾರದರ್ಶಕ ಬಣ್ಣದ ಈ ರಹಸ್ಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಬಾರದಾಗ, ದನಕರುಗಳಿಗೆ ಬೇನೆ ತಗಲಿದಾಗ ಊರವರೆಲ್ಲ ಸೇರಿ ಆಡಿಸುತ್ತಿದ್ದ ಆ ಆಟವೂ ಒಂದು ಊರಿನ ಹಿತಕ್ಕಾಗಿ ಬಣ್ಣದ ನೆರಳು ಕುಣಿದ ಸಂದರ್ಭವೇ.

ಇನ್ನು ಚಲನೆ. ಎರಡು ಗಾಜುಗಳನ್ನು ಒಂದರ ಮೇಲೊಂದಿಟ್ಟು, ಮೇಲಿನದರಲ್ಲಿ ಅಲ್ಲಲ್ಲಿ ಕಪ್ಪು ಬಳಿದು, ಅದನ್ನು ಒಂದಿಷ್ಟು ಪಕ್ಕಕ್ಕೆ ಎಳೆದರೆ, ಮುಚ್ಚಿದ್ದುದು ತೆರೆದು ತೆರೆದಿದ್ದುದು ಮುಚ್ಚಿ, ಹುಡುಗನು ಕುದುರೆಯಿಂದ ಬೀಳುವನು. ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಹಸುವು ನೀರು ಕುಡಿಯಲು ತಲೆ ಬಗ್ಗಿಸುವುದು. ಹಲ್ಲುಚಕ್ರವನ್ನು ತಿರುವಿದರೆ ಗಾಳಿಯಂತ್ರದ ರೆಕ್ಕೆಗಳು ತಿರುಗುವುವು. ಕರಿಯ ಬಟ್ಟೆಯ ಪಟ್ಟಿಯೊಂದಕ್ಕೆ ಸೂಜಿಯಿಂದ ಅಸಂಖ್ಯಾತ ರಂಧ್ರಗಳನ್ನು ಚುಚ್ಚಿ, ಎರಡು ಉರುಳೆಗಳ ನಡುವೆ ಅದನ್ನು ಮೆಲ್ಲಗೆ ಸುತ್ತಿದರೆ ತೆರೆಯ ಮೇಲೆ ಹಿಮ ಸುರಿಯುವುದು. ಇದಕ್ಕಿಂತ ಸರಳವಾದ ಉಪಾಯವನ್ನೂ, ಇದಕ್ಕಿಂತ ಮನೋಹರವಾದ ಫಲವನ್ನೂ ನಾನು ಬೇರೆ ಯಾವ ಕಸಬಿನಲ್ಲಿಯೂ ಕಾಣೆ.

ಈ ಕಲೆಯನ್ನು ಅದರ ಶಿಖರಕ್ಕೆ ಒಯ್ದವನು ಹೆನ್ರಿ ಲ್ಯಾಂಗ್ಡನ್ ಚೈಲ್ಡ್. ಎರಡು ಲಾಂದ್ರಗಳನ್ನು ಒಂದೇ ತೆರೆಗೆ ಗುರಿಮಾಡಿ, ಒಂದರ ಬೆಳಕನ್ನು ಕುಗ್ಗಿಸುತ್ತ ಇನ್ನೊಂದರದನ್ನು ಹಿಗ್ಗಿಸಿ, ಬೇಸಗೆಯ ಹಳ್ಳಿಯು ನೋಡನೋಡುತ್ತಿದ್ದಂತೆ ಚಳಿಗಾಲದ ಹಳ್ಳಿಯಾಗಿ ಕರಗುವಂತೆ ಮಾಡುವ ವಿದ್ಯೆಯು ಅವನ ಕೈಯಲ್ಲಿ ಪ್ರಸಿದ್ಧಿಗೆ ಬಂದಿತು. ಲಂಡನ್ನಿನ ರೀಜೆಂಟ್ ಬೀದಿಯಲ್ಲಿ 1838ರಲ್ಲಿ ತೆರೆದ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಅವನ ಚಿತ್ರಗಳನ್ನು ನೋಡಲು ಜನ ನೆರೆಯುತ್ತಿದ್ದರು. ಹಳೆಯ ಲಾಂದ್ರಚಿತ್ರಗಳ ಪೈಕಿ ಅತ್ಯಂತ ಜನಪ್ರಿಯವಾದುವುಗಳಲ್ಲೊಂದು ಇಲಿ ನುಂಗುವವನ ಚಿತ್ರ: ಗಡ್ಡದ ಮನುಷ್ಯನೊಬ್ಬನು ಹಾಸಿಗೆಯ ಮೇಲೆ ಬಾಯ್ದೆರೆದು ಗೊರಕೆ ಹೊಡೆಯುತ್ತಿರುವನು; ಇಲಿಗಳು ಒಂದರ ಹಿಂದೊಂದು ಹೊದಿಕೆಯ ಮೇಲೇರಿ ಅವನ ಬಾಯೊಳಕ್ಕೆ ಹೋಗುವುವು; ದವಡೆಯು ಆಡುತ್ತಲೇ ಇರುವುದು. ದವಡೆಗೆ ಒಂದು ಹಿಡಿ, ಇಲಿಗಳಿಗೆ ಒಂದು ಚಕ್ರ. ಲಾಂದ್ರದವನ ಎರಡು ಕೈಗಳಿಗೂ ಕೆಲಸ. ಗೊರಕೆಯ ಸದ್ದನ್ನು ನೆರೆದ ಮಕ್ಕಳೇ ಒದಗಿಸುತ್ತಿದ್ದರು. ಕೊನೆಯಲ್ಲಿ ಸಾಮಾನ್ಯವಾಗಿ ತೋರಿಸುತ್ತಿದ್ದುದು, ಒಂದಕ್ಕೊಂದು ಎದುರಾಗಿ ತಿರುಗುವ ಎರಡು ಬಣ್ಣದ ಗಾಜಿನ ಬಿಲ್ಲೆಗಳಿಂದ ಹುಟ್ಟುವ ರಂಗವಲ್ಲಿಯಂಥ ಚಿತ್ರವನ್ನು. ತರುವಾಯ ‘ಶುಭರಾತ್ರಿ’ ಎಂದು ಬರೆದ ಗಾಜು.

ದೊಡ್ಡ ಸಭೆಗೆ ಎಣ್ಣೆಯ ದೀಪ ಸಾಲದು. ಆಮ್ಲಜನಕ ಮತ್ತು ಜಲಜನಕಗಳ ಜ್ವಾಲೆಯನ್ನು ಸುಣ್ಣದ ತುಂಡಿನ ಮೇಲೆ ಹಾಯಿಸಿ ಹೊಳೆಯಿಸುವ ಲೈಮ್‌ಲೈಟ್ 1820ರ ದಶಕದಲ್ಲಿಯೇ ತಿಳಿದಿದ್ದಿತು. ಈ ವಾಯುಗಳನ್ನು ರಬ್ಬರು ಬಳಿದ ಬಟ್ಟೆಯ ಚೀಲಗಳಲ್ಲಿ ತುಂಬಿ, ಹಲಗೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒತ್ತುತ್ತಿದ್ದರು. ಭಾರವು ಜಾರಿತೆಂದರೆ ಒಂದು ವಾಯು ಇನ್ನೊಂದರೊಳಕ್ಕೆ ನುಗ್ಗಿ ಚೀಲವು ಸಿಡಿಯುವ ಭಯ. ಮಕ್ಕಳ ಸಭೆಯ ನಡುವೆ ಇಂಥ ಯಂತ್ರವನ್ನು ನಡೆಸಿದವರ ಎದೆಗಾರಿಕೆಯನ್ನು ನೆನೆದರೆ ಮೈ ನವಿರೇಳುವುದು.

ಧರ್ಮಸಂಸ್ಥೆಗಳು ಈ ಸಾಧನವನ್ನು ಕೈಗೆತ್ತಿಕೊಂಡುದು ಈ ಹಂತದಲ್ಲಿ. ಲೀಡ್ಸ್ ನಗರದಲ್ಲಿ 1847ರಲ್ಲಿ, ಮಕ್ಕಳನ್ನು ಮದ್ಯದಿಂದ ದೂರವಿಡಲೆಂದು ಹುಟ್ಟಿದ ‘ಬ್ಯಾಂಡ್ ಆಫ್ ಹೋಪ್’ ಎಂಬ ಸಂಘವು ಮುಂದೆ ಲಾಂದ್ರವನ್ನು ತನ್ನ ಮುಖ್ಯ ಆಯುಧವನ್ನಾಗಿ ಮಾಡಿಕೊಂಡಿತು. ಅದೇ ವರ್ಷ ಜಾರ್ಜ್ ಕ್ರುಕ್‌ಶ್ಯಾಂಕನು, ಒಂದು ಸೀಸೆಯು ಒಂದು ಸಂಸಾರವನ್ನು ಹೇಗೆ ನುಂಗಿತೆಂಬುದನ್ನು 8 ಚಿತ್ರಗಳಲ್ಲಿ ಬರೆದು ಪ್ರಕಟಿಸಿದನು, ಅವೂ ಗಾಜಿಗೆ ಏರಿದುವು. 1882ರಲ್ಲಿ ವಿಲ್ಸನ್ ಕಾರ್ಲೈಲನು ಕಟ್ಟಿದ ಚರ್ಚ್ ಆರ್ಮಿಯಲ್ಲಿ ಲಾಂದ್ರಕ್ಕೆಂದೇ ಒಂದು ಇಲಾಖೆಯಿದ್ದಿತು. ಸಾಲ್ವೇಷನ್ ಆರ್ಮಿಯವರು ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ 1892ರಲ್ಲಿ ಲೈಮ್‌ಲೈಟ್ ವಿಭಾಗವನ್ನೇ ತೆರೆದರು. ಅದರ ಮುಖ್ಯಸ್ಥನಾದ ಜೋಸೆಫ್ ಪೆರಿಯು ಸಿದ್ಧಪಡಿಸಿದ ‘ಸೋಲ್ಜರ್ಸ್ ಆಫ್ ದಿ ಕ್ರಾಸ್’ ಎಂಬ ಪ್ರದರ್ಶನದಲ್ಲಿ, 1900ರ ಸೆಪ್ಟೆಂಬರ್ 13ರಂದು, ಬಣ್ಣದ ಗಾಜೂ ಹೊಸದಾಗಿ ಬಂದ ಚಲನಚಿತ್ರವೂ ಒಂದೇ ತೆರೆಯ ಮೇಲೆ ಸರದಿಯಾಗಿ ಬೆಳಗಿದುವು.

ಆದರೆ ಇಲ್ಲಿ ಒಂದು ಮಾತನ್ನು ವಿಂಗಡಿಸಿ ನೋಡಬೇಕು. ಹಬ್ಬದ ದಿನ ಬಡಮಕ್ಕಳ ಮುಂದೆ ಲಾಂದ್ರವನ್ನಿಟ್ಟು ಇಲಿ ನುಂಗುವವನನ್ನು ತೋರಿಸುವುದು ಒಂದು. ಅದೇ ಮಕ್ಕಳ ಬಡತನವನ್ನು ಉಳ್ಳವರ ಮುಂದೆ ತೋರಿಸಿ ದ್ರವ್ಯವನ್ನು ಕೂಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮಗುವು ನೋಡುವ ಕಣ್ಣು. ಎರಡನೆಯದರಲ್ಲಿ ನೋಡಲ್ಪಡುವ ವಸ್ತು. ಲಂಡನ್ನಿನ ಪೂರ್ವಭಾಗದಲ್ಲಿ ಅನಾಥ ಬಾಲಕರಿಗಾಗಿ ಮನೆಗಳನ್ನು ತೆರೆದು ಅಪಾರವಾದ ಸೇವೆಯನ್ನು ಮಾಡಿದ ಥಾಮಸ್ ಬರ್ನಾರ್ಡೊ, ಮಕ್ಕಳು ಬಂದಾಗ ಹೇಗಿದ್ದರು, ಆಶ್ರಯ ಪಡೆದ ಮೇಲೆ ಹೇಗಾದರು ಎಂಬುದನ್ನು ಜೋಡಿ ಛಾಯಾಚಿತ್ರಗಳಲ್ಲಿ ತೋರಿಸುವ ಕಾರ್ಡುಗಳನ್ನು ಅಚ್ಚುಹಾಕಿಸಿ ಮಾರಿಸಿದನು. ಮಗುವಿನ ಬಟ್ಟೆಯನ್ನು ಬೇಕೆಂದೇ ಹರಿದು ಚಿತ್ರ ತೆಗೆಸಿದರೆಂಬ ಆಪಾದನೆ ಬಂದಿತು. 1877ರಲ್ಲಿ ಮಧ್ಯಸ್ಥರ ಮುಂದೆ ವಿಚಾರಣೆ ನಡೆದು, ಮುಖ್ಯವಾದ ಆರೋಪಗಳಿಂದ ಅವನು ಮುಕ್ತನಾದರೂ, ಕಲ್ಪಿತವಾದುದನ್ನು ನಿಜವೆಂಬಂತೆ ತೋರಿಸಿದ ಆ ಛಾಯಾಚಿತ್ರಪದ್ಧತಿಯನ್ನು ಮಧ್ಯಸ್ಥರು ಖಂಡಿಸಿದರು. ಬರ್ನಾರ್ಡೊವಿನ ಕರುಣೆಯಲ್ಲಿ ನನಗೆ ಸಂದೇಹವಿಲ್ಲ. ಆದರೂ ಬರೆದ ಚಿತ್ರದ ಅನಾಥನು ಯಾರ ಮಗನೂ ಅಲ್ಲ, ಆದುದರಿಂದ ಎಲ್ಲರ ಮಗನೂ ಆಗಬಲ್ಲನು. ಛಾಯಾಚಿತ್ರದ ಅನಾಥನಾದರೋ ನಾಳೆ ಬೆಳೆದು ಉದ್ಯೋಗ ಕೇಳಲು ಹೋದಾಗ ಆ ಹರಕು ಬಟ್ಟೆಯ ಮುಖವನ್ನೇ ಹೊತ್ತುಕೊಂಡು ಹೋಗಬೇಕು. ಯಾರ್ಕ್‌ಷೈರಿನ ಹೋಮ್‌ಫರ್ತಿನ ಜೇಮ್ಸ್ ಬ್ಯಾಮ್‌ಫರ್ತನು ತಾನೇ ಬರೆದ ಪರದೆಗಳ ಮುಂದೆ ಊರವರಿಗೆ ವೇಷ ಹಾಕಿಸಿ ನಿಲ್ಲಿಸಿ ಕಥೆಯ ಸ್ಲೈಡುಗಳನ್ನು ತೆಗೆದಾಗ, ಅದು ಆಟವೆಂಬುದು ನಿಂತವರಿಗೂ ನೋಡುವವರಿಗೂ ತಿಳಿದಿದ್ದಿತು. ಅಲ್ಲಿ ಯಾರಿಗೂ ಮೋಸವಾಗಲಿಲ್ಲ.

ಮತ್ತೆ ಚಲನೆಯ ಮಾತಿಗೆ ಬರೋಣ. ಅದರ ಬಲವೆಂಥದೆಂಬುದಕ್ಕೆ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಬರೆದಿಟ್ಟ ಪ್ರಸಂಗವೊಂದುಂಟು. 1854ರಲ್ಲಿ ಆಫ್ರಿಕದ ಶಿಂಟೆ ಎಂಬ ನಾಯಕನ ಊರಿನಲ್ಲಿ ಆತನು ತೋರಿಸಿದ ಮೊದಲ ಚಿತ್ರದಲ್ಲಿ, ಅಬ್ರಹಾಮನು ಮಗನಾದ ಐಸಾಕನನ್ನು ಬಲಿಕೊಡಲು ಕತ್ತಿಯನ್ನು ಎತ್ತಿದ್ದನು. ಚಿತ್ರ ಬದಲಿಸಲೆಂದು ಗಾಜನ್ನು ಪಕ್ಕಕ್ಕೆ ಸರಿಸಿದೊಡನೆ ಎತ್ತಿದ ಕತ್ತಿಯು ಹೆಂಗಸರ ಕಡೆಗೇ ಬಂದಿತು. ಅವರು ಅಮ್ಮಾ ಎಂದು ಕೂಗಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು, ಮತ್ತೆ ಹಿಂದಿರುಗಲೇ ಇಲ್ಲ. ಶಿಂಟೆಯು ಕೊನೆಯವರೆಗೂ ಕುಳಿತಿದ್ದು, ಆಮೇಲೆ ಯಂತ್ರವನ್ನು ಕುತೂಹಲದಿಂದ ಪರೀಕ್ಷಿಸಿದನು. ಓಡಿದವರನ್ನು ಮೂಢರೆಂದು ನಾನು ಎಣಿಸಲಾರೆ. ಮಗುವಿನ ಮೇಲೆ ಎತ್ತಿದ ಕತ್ತಿಯನ್ನು ಕಂಡು ತಾಯಿಯನ್ನು ಕರೆದವರಿಗೆ ಚಿತ್ರದ ಅರ್ಥವು ಆಗಿಯೇ ಇದ್ದಿತು.

ನಮ್ಮ ದೇಶದಲ್ಲಿ ಮುಂಬಯಿಯ ಸಮೀಪದ ಕಲ್ಯಾಣದವನಾದ ಮಹಾದೇವ ಗೋಪಾಲ ಪಟವರ್ಧನನು 1890ರ ದಶಕದಲ್ಲಿ ‘ಶಾಂಬರಿಕ ಖರೋಲಿಕಾ’ ಎಂಬ ಗಂಭೀರವಾದ ಹೆಸರನ್ನಿಟ್ಟು, ಮಕ್ಕಳೊಡನೆ ಸೇರಿ, ರಾಮಾಯಣ ಮಹಾಭಾರತಗಳ ಕಥೆಗಳನ್ನು ಗಾಜಿನ ಮೇಲೆ ಬರೆದು ಕುಣಿಸಿದನು. ಮಾಯಾವಿಯಾದ ಶಂಬರಾಸುರನ ಹೆಸರು ಯೂರೋಪಿನ ಯಂತ್ರಕ್ಕೆ ಎಷ್ಟು ಸಹಜವಾಗಿ ಒಪ್ಪಿತು! ಅವನ ಪ್ರದರ್ಶನದಲ್ಲಿಯೂ ಚಿತ್ರದ ಜೊತೆಗೆ ಮಾತೂ ಹಾಡೂ ಇದ್ದುವು. ಆ ದಶಕವು ಮುಗಿಯುವುದರೊಳಗೆ ಸಿನಿಮಾ ಬಂದಿತು. ಗಾಜಿನ ಮೇಲೆ ಬರೆಯುವ ಕುಂಚಗಳು ಒಂದೊಂದಾಗಿ ಒಣಗಿದುವು.

ಆದರೂ ಗಾಜು ಮತ್ತೊಮ್ಮೆ ಈ ಕಥೆಯೊಳಕ್ಕೆ ಬಂದಿತು. ಎರಡನೆಯ ಮಹಾಯುದ್ಧದಿಂದ ನೊಂದಿದ್ದ ಚೆಕೊಸ್ಲೊವಾಕಿಯ ದೇಶದ ರುಡೊಲ್ಫೊವ್ ಎಂಬ ಊರಿಗೆ ಯುನಿಸೆಫ್ ಸಂಸ್ಥೆಯ ನೆರವು ಮುಟ್ಟಿದ ಮೇಲೆ, ಅಲ್ಲಿಯ ಶಾಲೆಯ ಏಳು ವರ್ಷದ ಹುಡುಗಿಯೊಬ್ಬಳು ಕೃತಜ್ಞತೆಯಿಂದ ಒಂದು ಚಿತ್ರವನ್ನು ಬರೆದಳು. ಕಾಗದ ಸಿಕ್ಕದಿದ್ದುದರಿಂದ ಅದನ್ನು ಗಾಜಿನ ತುಂಡೊಂದರ ಮೇಲೆ ಬರೆದಳು. ಉಪಾಧ್ಯಾಯರು ಅದನ್ನು ಸಂಸ್ಥೆಗೆ ಕಳಿಸಿದರು. 1949ರಲ್ಲಿ ಅದೇ ಯುನಿಸೆಫಿನ ಮೊಟ್ಟಮೊದಲ ಶುಭಾಶಯಪತ್ರವಾಯಿತು. ಆ ಚಿತ್ರದಲ್ಲಿ ಹರಕು ಬಟ್ಟೆಯಿಲ್ಲ, ಹಸಿದ ಮುಖವಿಲ್ಲ. ವಸಂತೋತ್ಸವದ ಕಂಬವೊಂದರ ಸುತ್ತ ಮಕ್ಕಳು ಕುಣಿಯುತ್ತಿದ್ದಾರೆ.