ಹರಕೆ: ಹೊತ್ತವರ ಲೆಕ್ಕ

ಹರಕೆ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ, ಎರಡೂ ಎದುರುಬದುರು ದಿಕ್ಕಿನವು. ಹಿರಿಯರು ಕಿರಿಯರಿಗೆ ಕೊಡುವ ಆಶೀರ್ವಾದ ಒಂದು. ಕಷ್ಟಕ್ಕೆ ಸಿಕ್ಕವರು ದೇವರಿಗೆ ಕೊಡುವ ಮಾತು ಇನ್ನೊಂದು. ಮೂಲ ಹಳಗನ್ನಡದ ಪರಸು, ಅದರಿಂದ ಪರಕೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಪರಸು ಹರಸು ಆಯಿತು, ಪರಕೆ ಹರಕೆಯಾಯಿತು. ತುಳುವಿನಲ್ಲಿ ಪಕಾರ ಉಳಿದುಕೊಂಡಿದೆ, ಅಲ್ಲಿ ಇವತ್ತಿಗೂ ಪರಕೆಯೇ. ಉತ್ತರ ಕರ್ನಾಟಕದ ಬಾಯಲ್ಲಿ ಅದು ಹರಕಿ. ಆಶೀರ್ವಾದದ ಅರ್ಥ ಈಗ ಕವಿತೆಗೂ ಸಭೆಯ ಭಾಷಣಕ್ಕೂ ಸೀಮಿತವಾಗುತ್ತ ಬಂದಿದೆ. ದಿನಬಳಕೆಯಲ್ಲಿ ಹರಕೆ ಎಂದರೆ ಇದಾದರೆ ಅದನ್ನು ಮಾಡುತ್ತೇನೆ ಎಂದು ದೇವರೊಡನೆ ಆಡಿದ ಮಾತು.

ಈ ಪದದ ಗುಣ ತಿಳಿಯುವುದು ಅದರ ಜೊತೆ ಬರುವ ಕ್ರಿಯಾಪದಗಳಿಂದ. ಹರಕೆಯನ್ನು ಹೊರುತ್ತಾರೆ, ಕಟ್ಟಿಕೊಳ್ಳುತ್ತಾರೆ, ಕರಾವಳಿಯಲ್ಲಿ ಹೇಳಿಕೊಳ್ಳುತ್ತಾರೆ. ಆಮೇಲೆ ಒಪ್ಪಿಸುತ್ತಾರೆ, ಸಲ್ಲಿಸುತ್ತಾರೆ, ತೀರಿಸುತ್ತಾರೆ. ತೀರಿಸುವುದು, ಬಾಕಿ ಉಳಿಯುವುದು, ಸಂದಾಯವಾಗುವುದು ಎಲ್ಲವೂ ಸಾಲದ ಭಾಷೆ. ಹೊರುವುದು ಮಾತ್ರ ಹೊಣೆಯ ಭಾಷೆ: ಕನ್ನಡಿಗರು ಹೊಣೆಯನ್ನೂ ಹೊರುತ್ತಾರೆ, ಹರಕೆಯನ್ನೂ ಹೊರುತ್ತಾರೆ. ಆ ಭಾರ ಯಾರ ತಲೆಯ ಮೇಲಿರುತ್ತದೆ ಎಂಬುದೇ ಈ ಪದದ ಇಡೀ ಕಥೆ.

ಪೂಜೆಗೆ ಮುಂಚಿನ ಸಂಕಲ್ಪದಲ್ಲಿ ಪುರೋಹಿತರು ಗೋತ್ರ, ನಕ್ಷತ್ರ ಕೇಳಿ ಮಂತ್ರ ಹೇಳಿಸುತ್ತಾರೆ. ವ್ರತಕ್ಕೆ ತಿಥಿ ಬೇಕು, ಕಥೆ ಓದುವವರು ಬೇಕು. ಹರಕೆಗೆ ಇದ್ಯಾವುದೂ ಬೇಡ. ಆಸ್ಪತ್ರೆಯ ಮೊಗಸಾಲೆಯಲ್ಲಿ, ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ, ಕಳೆದುಹೋದ ದನ ಹುಡುಕುವಾಗ, ಮನಸ್ಸಿನಲ್ಲೇ ಹೇಳಿಕೊಂಡರೆ ಮುಗಿಯಿತು. ಸಾಕ್ಷಿ ಇಲ್ಲ, ಕಾಗದ ಇಲ್ಲ. ದೇವಸ್ಥಾನದ ಕಚೇರಿಯಲ್ಲಿ ಸಲ್ಲಿಸಿದ ಸೇವೆಗೆ ರಸೀದಿ ಸಿಗುತ್ತದೆ. ಹೊತ್ತ ಹರಕೆಗೆ ದಫ್ತರವಿಲ್ಲ. ಹೊತ್ತವರು ಸುಮ್ಮನಿದ್ದುಬಿಟ್ಟರೆ ಕೇಳುವವರೇ ಇಲ್ಲ. ಆದರೂ ಜನ ತೀರಿಸುತ್ತಾರೆ. ಭಯ ಅದಕ್ಕೆ ಒಂದು ಕಾರಣ, ನಿಜ. ಆದರೆ ಭಯವೊಂದೇ ಆಗಿದ್ದರೆ ತೀರಿಸಿ ಬಂದವರ ಮುಖದಲ್ಲಿ ಅಷ್ಟು ಸಮಾಧಾನ ಕಾಣಿಸುತ್ತಿರಲಿಲ್ಲ.

ಹೊತ್ತದ್ದು ಮರೆಯದಿರಲು ಮನೆಗಳಲ್ಲಿ ಒಂದು ಉಪಾಯವಿದೆ. ನಾಣ್ಯವೊಂದನ್ನು ತೊಳೆದು, ಅರಿಶಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಗಂಟು ಹಾಕಿ, ದೇವರ ಗೂಡಿನಲ್ಲಿ ಇಡುತ್ತಾರೆ. ಇದೇ ಮುಡಿಪು. ಯಾತ್ರೆಗೆ ಹೊರಡುವ ದಿನದವರೆಗೆ ಅದನ್ನು ಬಿಚ್ಚುವಂತಿಲ್ಲ. ದಿನವೂ ದೀಪ ಹಚ್ಚುವಾಗ ಕಣ್ಣಿಗೆ ಬೀಳುತ್ತಿರುತ್ತದೆ. ಬಣ್ಣ ಮಾಸುತ್ತ ಹೋದಂತೆ, ಇನ್ನೂ ಹೋಗಲಿಲ್ಲವಲ್ಲ ಎಂದು ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಯಾವುದೋ ಕೆಲಸಕ್ಕೆ ಬದುಕನ್ನು ಮುಡಿಪಾಗಿಟ್ಟವರು ಎಂದು ಶ್ರದ್ಧಾಂಜಲಿಗಳಲ್ಲಿ ಬರೆಯುವಾಗ ಈ ಪುಟ್ಟ ಹಳದಿ ಗಂಟು ಯಾರಿಗೂ ನೆನಪಾಗುವುದಿಲ್ಲ.

ಮುಡಿಪು ಹೆಚ್ಚಾಗಿ ಹೋಗುವುದು ತಿರುಪತಿಗೆ. ಮದುವೆಗೆಂದು ಕುಬೇರನಿಂದ ಸಾಲ ಮಾಡಿದ ಶ್ರೀನಿವಾಸ ಇನ್ನೂ ಬಡ್ಡಿ ಕಟ್ಟುತ್ತಿದ್ದಾನೆ ಎಂಬುದು ಕಥೆ. ಸ್ವತಃ ಸಾಲಗಾರನಾದ ದೇವರು ತನ್ನ ಬಾಕಿ ಬಿಡುವುದುಂಟೆ? ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂಬ ಗಾದೆಯೇ ಇದೆ. ಗಾದೆಯ ಎರಡನೆಯ ಅರ್ಧವೇ ಹೆಚ್ಚು ಬಿಗಿಯಾದದ್ದು. ಕಾಸಿನ ಬಾಕಿಯನ್ನು ಬಡ್ಡಿ ಸೇರಿಸಿ ಕಟ್ಟಬಹುದು. ಆಡಿದ ಮಾತಿಗೆ ಬಡ್ಡಿಯ ದರ ಎಲ್ಲಿದೆ?

ತೀರಿಸುವ ಹಳೆಯ ಬಗೆಗಳಲ್ಲಿ ಹಲವು ಹೊತ್ತವರ ಮೈಯನ್ನೇ ಕೇಳುತ್ತವೆ. ಮುಡಿ ಕೊಡುವುದು, ಉರುಳು ಸೇವೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆ, ಸವದತ್ತಿಯ ಎಲ್ಲಮ್ಮನಿಗೆ ದೀಡ ನಮಸ್ಕಾರ. ಉತ್ತರ ಕರ್ನಾಟಕದ ಮೊಹರಂನಲ್ಲಿ ಹಿಂದೂ ಮನೆಗಳವರೂ ಹರಕೆ ಹೊತ್ತು ಫಕೀರರಾಗುತ್ತಾರೆ, ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಕಳೆದ ವಸ್ತು ಸಿಕ್ಕರೆ ಕೊರಗಜ್ಜನೆಂಬ ದೈವಕ್ಕೆ ವೀಳ್ಯದೆಲೆ, ಚಕ್ಕುಲಿ, ಕಳ್ಳು. ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಸರದಿ ಕಾಯಬೇಕು. ಆಟ ಆಡಿಸುವ ಮನೆಯವರು ಒಬ್ಬರಾದರೂ ನೋಡುವುದು ಊರಿಗೆ ಊರೇ. ಒಬ್ಬರ ಖಾಸಗಿ ಬಾಕಿ ಹೀಗೆ ಊರಿನ ಸಂಭ್ರಮವಾಗುವುದು ಹರಕೆಯ ಅತ್ಯಂತ ಉದಾರ ರೂಪ ಎನ್ನಬಹುದು.

ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರಾದಾಗ ಪದಕ್ಕೆ ಕಹಿ ಬರುತ್ತದೆ. ಮೊದಲ ಸಾಕ್ಷಿ ಕುರಿ. ಹರಕೆ ಮನುಷ್ಯನದು, ತಲೆ ಕುರಿಯದು. ಬಸವಣ್ಣನವರ ವಚನವೊಂದರಲ್ಲೇ ಹಬ್ಬದ ಹರಕೆಯ ಕುರಿ ತನ್ನ ಸಾವಿನ ಅರಿವಿಲ್ಲದೆ ತೋರಣದ ಚಿಗುರಿಗೆ ಬಾಯಿ ಹಾಕುತ್ತದೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯ ನಂತರ ಬೂದುಗುಂಬಳ, ನಿಂಬೆಹಣ್ಣುಗಳು ಕುರಿಯ ಜಾಗಕ್ಕೆ ಬಂದ ಗುಡಿಗಳುಂಟು, ಕುರಿಯನ್ನು ಗುಡಿಯ ಮುಂದೆ ತೋರಿಸಿ ಆಚೆ ಕೊಯ್ಯುವ ಊರುಗಳೂ ಉಂಟು. ನುಡಿಗಟ್ಟಿನಲ್ಲಂತೂ ಕುರಿ ಸತ್ತಿಲ್ಲ. ಸೋಲುವುದು ಗೊತ್ತಿದ್ದೂ ಪಕ್ಷ ಕಣಕ್ಕಿಳಿಸಿದ ಅಭ್ಯರ್ಥಿಯನ್ನು ಪತ್ರಿಕೆಗಳು ಹರಕೆಯ ಕುರಿ ಎನ್ನುತ್ತವೆ. ಚಂದ್ರಶೇಖರ ಕಂಬಾರರ ನಾಟಕವೊಂದರ ಹೆಸರೂ ಅದೇ.

ಕುರಿಗಿಂತ ಘೋರವಾದದ್ದು ಮುತ್ತು ಕಟ್ಟುವ, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಸಮರ್ಪಿಸುವ ಪದ್ಧತಿ. ಮನೆಯಲ್ಲಿ ರೋಗ, ಗಂಡುಸಂತಾನವಿಲ್ಲ, ಮಗುವಿನ ಕೂದಲು ಜಡೆಗಟ್ಟಿತು ಎಂಬ ಕಾರಣಕ್ಕೆ ಹಿರಿಯರು ಎಲ್ಲಮ್ಮನಿಗೆ ಹರಕೆ ಹೊರುತ್ತಿದ್ದರು. ಅದನ್ನು ಬದುಕಿಡೀ ತೀರಿಸಬೇಕಾದವಳು ಮಾತೇ ಆಡದ ಹುಡುಗಿ, ಅದೂ ಬಹುಪಾಲು ದಲಿತ ಮನೆಯವಳು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿತು. ಹರಕೆ ಎಂಬ ಮಾತಿಗೆ ಈ ಪದ್ಧತಿಗಿಂತ ದೊಡ್ಡ ದುರುಪಯೋಗ ಬೇರೊಂದಿಲ್ಲ.

ಬಸವಣ್ಣನವರಂಥ ಶರಣರಿಗೆ ಹರಕೆಯ ಈ ಕೊಟ್ಟು ಕೊಳ್ಳುವ ಭಕ್ತಿಯೇ ಒಪ್ಪಿಗೆಯಾಗಲಿಲ್ಲ. ಅವರಲ್ಲಿ ಲಿಂಗ ಅಂಗದ ಮೇಲೆಯೇ ಇರುತ್ತದೆ. ಎಡ ಅಂಗೈಯಲ್ಲಿಟ್ಟು ಪೂಜಿಸುವವರು ತಾವೇ. ತಾನು ಉಣ್ಣುವ ಊಟವನ್ನು ಬೇರೆಯವರಿಂದ ಉಣ್ಣಿಸಲಾಗದಂತೆ ತನ್ನ ಪೂಜೆಯನ್ನೂ ಪರರ ಕೈಯಲ್ಲಿ ಮಾಡಿಸಲಾಗದು ಎಂಬುದು ಬಸವಣ್ಣನವರ ವಾದ. ಫಲ ಬೇಡುವ ಹರಕೆಗೂ ಬೇಡದ ಲಿಂಗಪೂಜೆಗೂ ಅಂತರ ದೊಡ್ಡದು. ಆದರೂ ಅಡಿಕೆ ತೋಟದ ನಡುವೆ ನಿಂತು ಭೂತಕ್ಕೆ ಹರಕೆ ಹೇಳಿಕೊಳ್ಳುವ ರೈತ ಒಂದು ವಿಷಯದಲ್ಲಿ ಶರಣರ ಪಕ್ಕದಲ್ಲೇ ಇದ್ದಾನೆ: ಅವನಿಗೂ ದೈವಕ್ಕೂ ನಡುವೆ ಆ ಹೊತ್ತಿನಲ್ಲಿ ಮೂರನೆಯವರಿಲ್ಲ.

ಹೊತ್ತವರು ತೀರಿಸದೆ ಸತ್ತರೆ ಬಾಕಿ ಮಕ್ಕಳಿಗೆ ಇಳಿಯುತ್ತದೆ ಎಂಬ ನಂಬಿಕೆ ಕರಾವಳಿ, ಮಲೆನಾಡುಗಳಲ್ಲಿ ಬಲವಾಗಿದೆ. ಮನೆಯಲ್ಲಿ ಒಂದರ ಹಿಂದೊಂದು ತೊಂದರೆ ಬಂದಾಗ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುತ್ತಾರೆ. ಹಿರಿಯರ ಹರಕೆ ಉಳಿದಿದೆ ಎಂದು ಕಂಡುಬರುವುದು ಸಾಮಾನ್ಯ. ಏನು ಹರಕೆ, ಯಾವ ದೇವರಿಗೆ, ಯಾತಕ್ಕಾಗಿ ಎಂಬುದು ಬದುಕಿರುವ ಯಾರಿಗೂ ಗೊತ್ತಿರುವುದಿಲ್ಲ. ಅಂಥ ಸಂದರ್ಭಕ್ಕೆಂದೇ ತಪ್ಪುಕಾಣಿಕೆ ಎಂಬ ಕ್ರಮವಿದೆ: ಅಣ್ಣತಮ್ಮಂದಿರು ಪಾಲು ಹಾಕಿ, ಗೊತ್ತಿಲ್ಲದ ತಪ್ಪನ್ನು ಒಪ್ಪಿಕೊಂಡು, ಕಾಣಿಕೆ ಹಾಕಿ ಕೈಮುಗಿಯುತ್ತಾರೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ತಮ್ಮನ ಪಾಲು ಈಗ ಫೋನಿನಲ್ಲೇ ಬಂದು ಸೇರುತ್ತದೆ. ಪ್ರಸಾದದ ಪೊಟ್ಟಣ ಅವನು ರಜೆಗೆ ಬರುವವರೆಗೆ ಊರಿನ ಮನೆಯಲ್ಲಿ ಇರುತ್ತದೆ.